ಕೆಳಗೆ ನಿಂತವರು

ಕೊಡಗಿನಲ್ಲಿ ಟವರ್ ಕ್ರೇನ್ ಕಣ್ಣಿಗೆ ಬೀಳುವುದು ಅಪರೂಪ. ಕ್ರೇನ್ ನಿಲ್ಲಿಸಿ ಕಟ್ಟುವಂಥ ಕಟ್ಟಡಗಳ ಹಂಬಲ ಈ ಜಿಲ್ಲೆಗೆ ಇನ್ನೂ ಹತ್ತಿಲ್ಲ. ಎತ್ತರವನ್ನೆಲ್ಲ ಗುಡ್ಡಗಳೇ ವಹಿಸಿಕೊಂಡಿವೆ. ಆದರೆ ಕತ್ತಲಾದ ಮೇಲೆ, ಸೊಂಟಕ್ಕೆ ಬೆಲ್ಟಿಲ್ಲದೆ, ತಲೆಗೆ ಹೆಲ್ಮೆಟ್ಟಿಲ್ಲದೆ ನೂರಡಿ ಮೇಲೇರುವವರು ಇಲ್ಲಿದ್ದಾರೆ. ಅವರನ್ನು ನೋಡಬೇಕೆಂದೇ ಬೇಸಿಗೆಯ ಕೊನೆಯ ಒಂದು ಅಮಾವಾಸ್ಯೆಗೆ ಲೆಕ್ಕ ಹಾಕಿ ಹೊರಟೆ.

ಹೊರಡುವಾಗ ತಲೆಯಲ್ಲಿ ತುಂಬಿದ್ದವರು ಮಾತ್ರ ಬೇರೆಯವರು. 2014ರ ಚೀನೀ ಹೊಸವರ್ಷದ ರಾತ್ರಿ ವಾದಿಮ್ ಮಖೊರೊವ್, ವಿಟಾಲಿ ರಸ್ಕಲೊವ್ ಎಂಬ ಇಬ್ಬರು ತರುಣರು ಆಗಿನ್ನೂ ಕಟ್ಟುತ್ತಿದ್ದ ಶಾಂಘೈ ಟವರಿನೊಳಕ್ಕೆ ನುಸುಳಿದರು. ನೂರಿಪ್ಪತ್ತು ಅಂತಸ್ತು ಮೆಟ್ಟಿಲು ಹತ್ತಿ, ಮೋಡ ಸರಿಯಲೆಂದು ಅಲ್ಲೇ ಮಲಗಿ ಕಾದು, ಕೊನೆಗೆ ನೆತ್ತಿಯ ಮೇಲಿದ್ದ ಕ್ರೇನಿನ ತೋಳನ್ನೇರಿದರು. ನೆಲದಿಂದ ಸುಮಾರು 650 ಮೀಟರ್. ಹಬ್ಬಕ್ಕೆ ಕೆಲಸಗಾರರು ಊರಿಗೆ ಹೋಗಿರುತ್ತಾರೆ, ಕ್ರೇನುಗಳು ಓಡುವುದಿಲ್ಲ, ಕಾವಲು ಸಡಿಲವಾಗಿರುತ್ತದೆ ಎಂದು ಆ ದಿನವನ್ನು ಆರಿಸಿಕೊಂಡಿದ್ದರು. ಚೀನೀ ಹೊಸವರ್ಷ ಬರುವುದೂ ಅಮಾವಾಸ್ಯೆಗೇ. ಅವರ ವಿಡಿಯೊ ನೋಡಿದಾಗಲೆಲ್ಲ ನನ್ನ ಅಂಗಾಲು ಬೆವರುತ್ತದೆ. ಮೋಡದ ಮೇಲೆ ಕಾಲಿಟ್ಟ ಆ ಹುಡುಗರ ಧೈರ್ಯಕ್ಕೆ ಮನಸ್ಸು ತಲೆಬಾಗುತ್ತದೆ. ಅದರ ಬೆನ್ನಿಗೇ ಒಂದು ಕಸಿವಿಸಿ. ಆ ಕಸಿವಿಸಿ ಯಾತರದ್ದೆಂದು ತಿಳಿದದ್ದು ತಿತಿಮತಿಯ ಆಸುಪಾಸಿನ ಒಂದು ಕಾಫಿತೋಟದಲ್ಲಿ, ಬೂರುಗದ ಮರವೊಂದರ ಬುಡದಲ್ಲಿ.

ಮೈಸೂರಿನಿಂದ ಹುಣಸೂರು, ಅಲ್ಲಿಂದ ಮುಂದೆ ಆನೆಚೌಕೂರು. ಗೇಟು ದಾಟಿದರೆ ಎರಡೂ ಬದಿಗೆ ನಾಗರಹೊಳೆಯ ಕಾಡು. ಏಪ್ರಿಲಿನ ಕೊನೆಯಾದ್ದರಿಂದ ರಸ್ತೆಯಂಚಿನ ಬಿದಿರು ಒಣಗಿ ಬೂದಿಬಣ್ಣಕ್ಕೆ ತಿರುಗಿತ್ತು. ಹೂಮಳೆ ಬಿದ್ದ ಕಡೆ ಮಾತ್ರ ಹುಲ್ಲು ಚಿಗುರಿತ್ತು. ತಿತಿಮತಿ ಬರುವಷ್ಟರಲ್ಲಿ ಕಾಡು ಮುಗಿದು ತೋಟ ಶುರುವಾಗುತ್ತದೆ. ಹೊಸಬರಿಗೆ ಈ ವ್ಯತ್ಯಾಸ ಒಮ್ಮೆಗೇ ಗೊತ್ತಾಗುವುದಿಲ್ಲ. ಕೊಡಗಿನ ಹಳೆಯ ತೋಟಗಳಲ್ಲಿ ಕಾಡಿನ ಮರಗಳನ್ನು ನೆರಳಿಗೆಂದು ಹಾಗೇ ಉಳಿಸಿಕೊಂಡಿದ್ದಾರೆ: ನಂದಿ, ಮತ್ತಿ, ಹೊನ್ನೆ, ತಾರೆ, ಅತ್ತಿ, ಬಸರಿ. ಅವುಗಳ ಕೆಳಗೆ ಕಾಫಿ. ಆನೆಗಳಿಗೂ ಇಲ್ಲಿ ಗಡಿ ಎಲ್ಲಿ ಎಂಬ ತಕರಾರಿಲ್ಲ, ಹಲಸು ಹಣ್ಣಾಗುವ ಹೊತ್ತಿಗೆ ತೋಟಕ್ಕೆ ಬಂದೇ ಬರುತ್ತವೆ.

ನಾನು ಉಳಿದುಕೊಂಡ ತೋಟದ ಯಜಮಾನರು ಎಪ್ಪತ್ತು ದಾಟಿದ ಕೊಡವ ಹಿರಿಯರು. ಮಧ್ಯಾಹ್ನ ಊಟವಾದ ಮೇಲೆ ಮರ ತೋರಿಸಲು ತಾವೇ ಕರೆದುಕೊಂಡು ಹೋದರು. ಬೂರುಗದ ಬುಡದ ಸುತ್ತ ಬೇರುಗಳು ಆಳೆತ್ತರದ ಗೋಡೆಗಳಾಗಿ ಎದ್ದಿದ್ದವು. ಅಲ್ಲಿಂದ ಮೇಲಕ್ಕೆ ಅರವತ್ತು ಎಪ್ಪತ್ತು ಅಡಿ ಒಂದೇ ಒಂದು ಕೊಂಬೆಯಿಲ್ಲ. ಆಮೇಲೆ ಕೊಂಬೆಗಳು ಅಡ್ಡಕ್ಕೆ ಚಾಚಿಕೊಂಡಿವೆ. ಕೊಂಬೆಗಳ ಅಡಿಯಲ್ಲಿ ಕಪ್ಪು ಅರ್ಧಚಂದ್ರಗಳು. ಹೆಜ್ಜೇನು. ನಾವು ನೋಡುತ್ತಿದ್ದಂತೆ ಒಂದು ಹುಟ್ಟಿನ ಮೇಲೆ ಬೆಳಕಿನ ಅಲೆಯೊಂದು ಸರ್ರನೆ ಹಾದುಹೋಯಿತು. ಕಣಜವೋ ಹಕ್ಕಿಯೋ ಹತ್ತಿರ ಬಂದರೆ ಸಾವಿರಾರು ಹುಳುಗಳು ಒಂದರ ಹಿಂದೊಂದು ಹೊಟ್ಟೆ ಎತ್ತಿ ತೋರಿಸುತ್ತವೆ, ಅದೇ ಆ ಅಲೆ. “ಸದ್ದು ಮಾಡಬೇಡಿ, ಸೆಂಟು ಗಿಂಟು ಹಾಕ್ಕೊಂಡಿಲ್ಲ ತಾನೇ?” ಎಂದು ಯಜಮಾನರು ಪಿಸುಗುಟ್ಟಿದರು.

ಹೆಜ್ಜೇನಿನದು ಒಂದೇ ಎರಿ, ಪೆಟ್ಟಿಗೆಗೆ ಪೊಟರೆಗೆ ಬರುವ ಜಾತಿಯಲ್ಲ. ಬಯಲಲ್ಲಿ, ಎತ್ತರದ ಕೊಂಬೆಗೆ ಕಟ್ಟುತ್ತದೆ; ಎರಿ ಒಂದು ಮೀಟರಿಗೂ ಅಗಲ ಬೆಳೆಯುತ್ತದೆ, ಅದನ್ನು ಹುಳುಗಳೇ ಮೈಗೆ ಮೈ ತಾಗಿಸಿ ಪರದೆಯಾಗಿ ಮುಚ್ಚಿರುತ್ತವೆ. ಕೊಂಬೆಗೆ ಅಂಟಿದ ಮೇಲ್ಭಾಗದ ಒಂದು ಕಡೆ ದಪ್ಪಗೆ ಉಬ್ಬಿ ತುಪ್ಪ ತುಂಬಿರುತ್ತದೆ, ಕೆಳಗೆಲ್ಲ ಮರಿ. ಮುಂಗಾರು ಬಿರುಸಾಗುವ ಮುಂಚೆ ಗೂಡು ಬರಿದು ಮಾಡಿ ಹೊರಡುತ್ತವೆ, ಮುಂದಿನ ಋತುವಿಗೆ ಅದೇ ಮರಕ್ಕೆ ಮರಳುತ್ತವೆ. ಕೊಡಗಿನ ರೋಬಸ್ಟಾ ಈ ಹುಳುಗಳ ಋಣದಲ್ಲಿದೆ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಮಳೆ ಬಿದ್ದು ವಾರ ಕಳೆದರೆ ತೋಟವೆಲ್ಲ ಬೆಳ್ಳಗಾಗುತ್ತದೆ, ಆ ಬಿಳುಪು ಎರಡು ಮೂರು ದಿನದ್ದು, ಅಷ್ಟರೊಳಗೆ ಕೆಲಸ ಮುಗಿಯಬೇಕು. ಸ್ಮಿತಾ ಕೃಷ್ಣನ್ ಮತ್ತು ಸಂಗಡಿಗರು ಕೊಡಗಿನ ತೋಟಗಳಲ್ಲೇ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಇಲ್ಲಿನ ರೋಬಸ್ಟಾ ಹೂವಿಗೆ ಹೆಜ್ಜೇನೇ ಮುಖ್ಯ ಆಸರೆ ಎಂದು ತೋರಿಸಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬರುವುದು ಈ ಸಣ್ಣ ಜಿಲ್ಲೆಯಿಂದ. ಯಜಮಾನರು ಅಧ್ಯಯನ ಓದಿದವರಲ್ಲ, ಆದರೆ ಆ ಬೂರುಗಕ್ಕೆ ಟಿಂಬರಿನವರು ದರ ಹೇಳಿದಾಗಲೆಲ್ಲ ವಾಪಸ್ಸು ಕಳಿಸಿದ್ದಾರೆ.

ಸಂಜೆ ಹಾಡಿಯಿಂದ ಜನ ಬಂದರು. ಜೇನುಕುರುಬರು. 2011ರ ಜನಗಣತಿಯಂತೆ ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 36,000; ಹೆಚ್ಚಿನವರು ಇರುವುದು ಮೈಸೂರು, ಕೊಡಗು, ಚಾಮರಾಜನಗರದ ಕಾಡಂಚಿನಲ್ಲಿ. ಹತ್ತುವವರು ನಲವತ್ತರ ಆಸುಪಾಸಿನ ಒಣಕಲು ಮೈಯ ಮನುಷ್ಯ, ಮಾತು ಕಡಿಮೆ. ಜೊತೆಗೆ ಅವರ ಹೆಂಡತಿಯ ತಮ್ಮ, ಹಿಂದೆ ಮರ ಹತ್ತುತ್ತಿದ್ದು ಈಗ ಮೊಣಕಾಲು ಹಿಡಿದುಕೊಂಡಿರುವ ಒಬ್ಬ ಅಜ್ಜ, ಇಬ್ಬರು ಹೆಂಗಸರು, ಪಿಯುಸಿ ಮುಗಿಸಿದ ಅಕ್ಕನ ಮಗ. ಬೂರುಗಕ್ಕೆ ಬಿದಿರಿನ ಗೂಟ ಹೊಡೆದು ಏಣಿ ಕಟ್ಟುವ ಕೆಲಸ ಹಿಂದಿನ ದಿನವೇ ಆಗಿತ್ತು. ಮರಕ್ಕೆ ಗೂಟ ಬಡಿದು, ಗೂಟಗಳಿಗೆ ಉದ್ದುದ್ದ ಬಿದಿರು ನಿಲ್ಲಿಸಿ ನಾರಿನಿಂದ ಬಿಗಿದಿದ್ದರು. ಒಂದೊಂದು ಗೂಟವನ್ನೂ ಬಡಿದವರೇ ಹತ್ತಬೇಕು ಎಂಬುದು ಅವರಲ್ಲಿ ನಿಯಮ. ಬೇರೆಯವರು ಬಡಿದ ಗೂಟದ ಮೇಲೆ ಕತ್ತಲಲ್ಲಿ ಕಾಲಿಡುವುದಿಲ್ಲ.

ಅಜ್ಜ ಸೂಡಿ ಕಟ್ಟುತ್ತಾ ಕೂತರು. ಒಳಗೆ ಒಣಗಿದ ತರಗು, ಹುಲ್ಲು. ಅದರ ಸುತ್ತ ಹಸಿ ಸೊಪ್ಪು. ಮೇಲೆ ಬಳ್ಳಿಯ ಬಿಗಿ ಸುತ್ತು. ತೋಳುದ್ದದ ಕಟ್ಟು. ಸಡಿಲವಾದರೆ ಧಗ್ಗನೆ ಉರಿದು ಹತ್ತುವವನ ಮುಖ ಸುಡುತ್ತದೆ, ಅತಿ ಬಿಗಿಯಾದರೆ ಅರ್ಧಕ್ಕೇ ಆರುತ್ತದೆ. ಒಂದು ಕಟ್ಟನ್ನು ಕೈಯಲ್ಲಿ ಹಿಡಿದು ಒತ್ತಿ ನೋಡಿದರು, ಸಮಾಧಾನವಾಗದೆ ಬಿಚ್ಚಿ ಮತ್ತೆ ಕಟ್ಟಿದರು. ಆ ಬೆರಳುಗಳ ನಿಧಾನವನ್ನು ನೋಡುತ್ತಾ ಕೂತಿದ್ದಾಗ ಹುಡುಗ ಪಕ್ಕಕ್ಕೆ ಬಂದು ಮೊಬೈಲು ತೆಗೆದ. “ಸಾರ್, ಇದು ನೋಡಿದ್ದೀರಾ?” ಶಾಂಘೈಯ ಅದೇ ವಿಡಿಯೊ. ಹಾಡಿಯ ಹುಡುಗರೆಲ್ಲ ನೋಡಿದ್ದಾರಂತೆ.

ಅಜ್ಜನಿಗೂ ತೋರಿಸಿದ. ಅಜ್ಜ ಸೂಡಿ ಕೆಳಗಿಟ್ಟು, ಕಣ್ಣು ಕಿರಿದು ಮಾಡಿ, ಕೊನೆಯವರೆಗೂ ನೋಡಿದರು. ಅವರ ಪ್ರಶ್ನೆಗಳೆಲ್ಲ ಕಸುಬಿನವನ ಪ್ರಶ್ನೆಗಳು. ಕಬ್ಬಿಣ ರಾತ್ರಿಯ ಹನಿಗೆ ಜಾರುವುದಿಲ್ಲವೇ? ಬೂಟು ಹಾಕಿಕೊಂಡರೆ ಕಾಲಿಗೆ ಹೇಗೆ ಗೊತ್ತಾಗುತ್ತದೆ? ಗಾಳಿ ಬಂದರೆ ಆ ತೋಳು ಮುರಿಯುವುದಿಲ್ಲವೇ? ಕೊನೆಯದಕ್ಕೆ ನನಗೆ ಉತ್ತರ ಗೊತ್ತಿತ್ತು. ಕೆಲಸ ಮುಗಿಸಿ ಇಳಿಯುವಾಗ ಕ್ರೇನ್ ಆಪರೇಟರ್ ತಿರುಗುವ ಬ್ರೇಕನ್ನು ಬಿಟ್ಟೇ ಹೋಗುತ್ತಾನೆ, ರಾತ್ರಿಯೆಲ್ಲ ತೋಳು ಗಾಳಿ ಬೀಸಿದ ಕಡೆಗೆ ತಾನೇ ತಿರುಗಿಕೊಳ್ಳುತ್ತದೆ, ಬಿಗಿದು ನಿಲ್ಲಿಸಿದರೆ ಬಿರುಗಾಳಿಗೆ ಇಡೀ ಕ್ರೇನೇ ಉರುಳೀತು ಎಂದೆ. “ಸರಿ ಮತ್ತೆ, ಮರ ಕೂಡ ಹಂಗೇ” ಎಂದು ಅಜ್ಜ ತಲೆದೂಗಿದರು. ವಿಡಿಯೊವನ್ನು ಇನ್ನೊಮ್ಮೆ ಹಾಕಿಸಿದರು. “ಕೆಳಗೆ ಯಾರಿದ್ದಾರೆ?” ಎಂದು ಕೇಳಿದರು.

ಕೆಳಗೆ ಯಾರೂ ಇಲ್ಲ ಅಜ್ಜ, ಕದ್ದು ಹತ್ತಿದ್ದು ಎಂದೆ. ಅಜ್ಜ ಮೊಬೈಲು ವಾಪಸ್ಸು ಕೊಟ್ಟು ಸೂಡಿ ಎತ್ತಿಕೊಂಡರು. ಅಲ್ಲಿಗೆ ಅವರ ಆಸಕ್ತಿ ಮುಗಿದಿತ್ತು.

ಎಂಟು ಗಂಟೆಯ ಮೇಲೆ ಮರದ ಹತ್ತಿರ ಹೋದೆವು. ಟಾರ್ಚು, ಮೊಬೈಲು, ಬೀಡಿ ಯಾವುದೂ ಇಲ್ಲ. ಹೆಜ್ಜೇನು ಬೆಳಕಿಗೆ ಬರುತ್ತದೆ. ಒಂದು ಮೊಬೈಲು ಪರದೆಯ ಬೆಳಕು ಸಾಕು, ಕೆಳಗೆ ನಿಂತವರ ಮುಖಕ್ಕೆ ಇಳಿಯುತ್ತದೆ. ಬೆಳದಿಂಗಳಿದ್ದರೆ ಅವು ರಾತ್ರಿಯೂ ಹಾರಬಲ್ಲವು. 1985ರಲ್ಲಿ ಫ್ರೆಡ್ ಡಯರ್ ಎಂಬ ವಿಜ್ಞಾನಿ ಇದನ್ನು ಬರೆದು ಪ್ರಕಟಿಸಿದರು, ಜೇನುಕುರುಬರ ಪಂಚಾಂಗದಲ್ಲಿ ಅದು ಎಷ್ಟೋ ಹಿಂದಿನಿಂದ ಇದೆ. ಆದ್ದರಿಂದಲೇ ಅಮಾವಾಸ್ಯೆಯ ಹಿಂದುಮುಂದಿನ ನಾಲ್ಕಾರು ರಾತ್ರಿ ಬಿಟ್ಟರೆ ಬೇರೆ ದಿನ ಮರ ಮುಟ್ಟುವುದಿಲ್ಲ. ಹೆಂಗಸರಲ್ಲಿ ಒಬ್ಬರು ಬೇಲಿಯ ಕಡೆಗೆ ಕಿವಿಯಿಟ್ಟು ನಿಂತರು, ಆನೆಯ ಸದ್ದಿಗೆ. ಇನ್ನೊಬ್ಬರು ಡಬ್ಬ, ಹಗ್ಗ ಹಿಡಿದು ಬುಡದಲ್ಲಿ ಕೂತರು.

ಹತ್ತುವವರು ಅಂಗಿ ಕಳಚಿದರು. ಮರಕ್ಕೆ ಕೈಯಿಟ್ಟು ಒಂದು ಗಳಿಗೆ ನಿಂತು, ಏನೋ ಹೇಳಿಕೊಂಡು, ಹೊಗೆಯಾಡುವ ಸೂಡಿಯನ್ನು ಬೆನ್ನ ಕೆಳಗೆ ಜೋತುಬಿಟ್ಟುಕೊಂಡು ಕತ್ತಲಿಗೆ ಏರಿದರು. ಕಂಡದ್ದು ಕೆಂಪು ಚುಕ್ಕೆಯೊಂದೇ. ಅದು ಏರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ನಿಂತಾಗಲೆಲ್ಲ ಕೆಳಗಿನಿಂದ ಭಾವಮೈದ ಒಂದು ಸದ್ದು ಮಾಡುತ್ತಿದ್ದರು, ಮೇಲಿನಿಂದ ಅದೇ ಸದ್ದು ಮರಳಿ ಬರುತ್ತಿತ್ತು. ಕೊಂಬೆ ತಲುಪಿದ ಮೇಲೆ ಹಾಡು ಶುರುವಾಯಿತು. ಅವರ ಭಾಷೆಯಲ್ಲಿ, ಕನ್ನಡದ ಕಿವಿಗೆ ಅರ್ಧ ಸಿಕ್ಕಿ ಅರ್ಧ ಜಾರುತ್ತದೆ. ಏಳಿ, ದಾರಿ ಬಿಡಿ, ನಿಮ್ಮ ಮಕ್ಕಳಿಗೆ ಕೈ ಹಾಕುವುದಿಲ್ಲ ಎಂಬ ಅರ್ಥ ಎಂದು ಆಮೇಲೆ ಹುಡುಗ ಹೇಳಿದ.

ಅನಂತರ ಆದದ್ದನ್ನು ಬರೆಯುವುದು ಕಷ್ಟ. ಸೂಡಿಯನ್ನು ಕೊಂಬೆಗೆ ಉಜ್ಜಿದರು. ಒಮ್ಮೆಗೇ ಸಾವಿರಾರು ಕಿಡಿ ಉದುರಿದವು. ಕಿಡಿಗಳ ಬೆನ್ನು ಹತ್ತಿ ಹುಳುಗಳು ಇಳಿದವು. ತಲೆಯ ಮೇಲೆ ಮಳೆ ಬರುವ ಮುಂಚಿನ ಮೊರೆತ. ಕಿಡಿ ನೆಲ ಮುಟ್ಟಿ ಆರಿದ ಮೇಲೆ ಅವಕ್ಕೆ ಮೇಲಕ್ಕೆ ದಾರಿ ಕಾಣದು, ತರಗಿನ ಮೇಲೆ, ಕಾಫಿ ಗಿಡಗಳ ಮೇಲೆ ಬೆಳಗಿನವರೆಗೆ ಕೂರುತ್ತವೆ. ನಾವು ಬೇರುಗೋಡೆಗಳ ಸಂದಿನಲ್ಲಿ ಕಂಬಳಿ ಹೊದ್ದು ಅಲ್ಲಾಡದೆ ನಿಂತಿದ್ದೆವು. ಮೇಲೆ ಕತ್ತಿಯ ಸದ್ದು. ತುಪ್ಪದ ಭಾಗವನ್ನಷ್ಟೇ ಕೊಯ್ದು ಮರಿಗಳಿರುವ ಎರಿಯನ್ನು ಕೊಂಬೆಗೇ ಬಿಡುತ್ತಾರೆ, ಹುಳುಗಳು ಮರಳಿ ಅದನ್ನೇ ಕಟ್ಟಿಕೊಳ್ಳಲಿ ಎಂದು. ಹಗ್ಗ ಮೂರು ಸಲ ಜಗ್ಗಿತು. ಭಾವಮೈದ ಕೈಗೆ ಕೈ ಬದಲಿಸುತ್ತಾ ಡಬ್ಬ ಇಳಿಸಿಕೊಂಡರು. ಬುಡದಲ್ಲಿ ಕೂತಿದ್ದ ಹೆಂಗಸು ಕತ್ತಲಲ್ಲೇ ಖಾಲಿ ಡಬ್ಬ ಕಟ್ಟಿ ಮೇಲಕ್ಕೆ ಬಿಟ್ಟರು. ಆ ಹೊತ್ತಿನಲ್ಲಿ ಯಾರೂ ಒಂದು ಮಾತಾಡಲಿಲ್ಲ, ಯಾವ ಕೈಯೂ ತಡವರಿಸಲಿಲ್ಲ.

ನೀಲಗಿರಿಯ ಕುರುಂಬರಲ್ಲಿ ಬಂಡೆಯ ಜೇನಿಗೆ ಇಳಿಯುವಾಗ ಹಗ್ಗ ಕಾಯಲು ಹೆಂಡತಿಯ ಅಣ್ಣನನ್ನೋ ತಮ್ಮನನ್ನೋ ನಿಲ್ಲಿಸುವ ವಾಡಿಕೆಯಿದೆ. ತನ್ನ ಅಕ್ಕತಂಗಿ ವಿಧವೆಯಾಗಲು ಯಾರು ತಾನೇ ಬಿಟ್ಟಾರು? ಈ ಮರದ ಬುಡದಲ್ಲೂ ಭಾವಮೈದನೇ ನಿಂತಿದ್ದರು. ಕೆಳಗೆ ಯಾರಿದ್ದಾರೆ ಎಂದು ಅಜ್ಜ ಕೇಳಿದ್ದು ಎಷ್ಟು ಮೂಲದ ಪ್ರಶ್ನೆ ಎಂದು ಆಗ ಅರಿವಾಯಿತು. ಚೀನಾದ ವೂ ಯೋಂಗ್ನಿಂಗ್ ಎಂಬ ತರುಣ ಹೀಗೇ ಎತ್ತರ ಹತ್ತಿ ವಿಡಿಯೊ ಮಾಡಿ ಹೆಸರು ಗಳಿಸಿದ್ದ. 2017ರ ನವೆಂಬರಿನಲ್ಲಿ ಚಾಂಗ್ಶಾ ನಗರದ 62 ಅಂತಸ್ತಿನ ಕಟ್ಟಡದಿಂದ ಕೈಜಾರಿ ಬಿದ್ದು ತೀರಿಕೊಂಡ. ಆಗ ಅವನನ್ನು ನೋಡುತ್ತಿದ್ದದ್ದು ಅವನೇ ನಿಲ್ಲಿಸಿಕೊಂಡಿದ್ದ ಕ್ಯಾಮೆರಾ. ಲಕ್ಷಾಂತರ ಜನ ನೋಡುವವರಿದ್ದರು, ಅಂಚು ಹಿಡಿದು ತೂಗುತ್ತಿದ್ದಾಗ ಒಂದು ಸದ್ದು ಕೊಟ್ಟು ವಿಚಾರಿಸುವವರು ಇರಲಿಲ್ಲ. ನನ್ನನ್ನು ಕಾಡುತ್ತಿದ್ದ ಕಸಿವಿಸಿ ಇದೇ. ಆ ಹುಡುಗರ ಧೈರ್ಯದ ಬಗ್ಗೆ ನನಗೆ ಈಗಲೂ ಗೌರವವಿದೆ. ಅಷ್ಟು ಧೈರ್ಯವನ್ನು ಅಷ್ಟು ಒಂಟಿಯಾಗಿ ಖರ್ಚು ಮಾಡಬೇಕಾಗಿ ಬಂದದ್ದಕ್ಕೆ ಸಂಕಟವಾಗುತ್ತದೆ.

ಕೊಡಗಿನಲ್ಲೂ ಒಂಟಿಯಾಗಿ ಹತ್ತುವವರು ಇಲ್ಲದಿಲ್ಲ. ಫೆಬ್ರವರಿಯಿಂದ ಮೆಣಸು ಕುಯ್ಲು. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿಗೆ ಏಣಿ ಆನಿಸಿ, ಸೊಂಟಕ್ಕೆ ಚೀಲ ಕಟ್ಟಿ, ಮೂವತ್ತು ನಲವತ್ತು ಅಡಿಯಲ್ಲಿ ಒಂದೇ ಕಾಲ ಮೇಲೆ ನಿಂತು ಗೊನೆ ಕೀಳುತ್ತಾರೆ. ಕಿಲೋ ಲೆಕ್ಕದ ಕೂಲಿಯಾದರೆ ಏಣಿ ಹಿಡಿಯಲು ಇನ್ನೊಬ್ಬ ನಿಲ್ಲುವುದಿಲ್ಲ, ಅವನಿಗೂ ಅವನದೇ ಮರ. ಬಿದಿರಿನ ಏಣಿಯ ಬದಲು ಹಗುರ ಎಂದು ಅಲ್ಯೂಮಿನಿಯಂ ಏಣಿ ಬಂದ ಮೇಲೆ ಇನ್ನೊಂದು ಗಂಡಾಂತರ: ಏಣಿಯನ್ನು ನೆಟ್ಟಗೆ ಹೊತ್ತು ಮರದಿಂದ ಮರಕ್ಕೆ ಹೋಗುವಾಗ ತೋಟದ ಮೇಲೆ ಹಾದ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಸಾಯುತ್ತಾರೆ. ಕೊಡಗಿನ ಪತ್ರಿಕೆ ಓದುವವರಿಗೆ ಇದು ಹೊಸ ಸುದ್ದಿಯಲ್ಲ. ತಂತಿ ಕೆಳಗಿನ ಮರ ಕಡಿದೋ, ತಂತಿಗೆ ಹೊದಿಕೆ ಹಾಕಿಯೋ, ಏಣಿ ಹಿಡಿಯುವ ಎರಡನೆಯ ಆಳಿಗೆ ಕೂಲಿ ಕೊಟ್ಟೋ ಇದನ್ನು ತಡೆಯಬಹುದು. ಒಂದು ಚೀಲ ಮೆಣಸಿನ ಬೆಲೆಯ ಮುಂದೆ ಆ ಖರ್ಚು ದೊಡ್ಡದಲ್ಲ. ತೋಟಗಾರರ ಸಂಘಗಳು ಮನಸ್ಸು ಮಾಡಬೇಕು.

ಜೇನುಕುರುಬರ ವಿಷಯದಲ್ಲಿ ಕಾನೂನು ಮಾತ್ರ ಬಹುಕಾಲ ಅವರನ್ನೂ ಕ್ರೇನ್ ಹತ್ತುವ ಹುಡುಗರ ಸಾಲಿಗೇ ಸೇರಿಸಿತ್ತು, ಅಕ್ರಮ ಪ್ರವೇಶದವರೆಂದು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1980ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಪ್ರತ್ಯೇಕ ಹುಲಿ ಸಂರಕ್ಷಿತ ಪ್ರದೇಶ. ಒಂದೊಂದು ಹೆಸರಿಗೂ ಒಂದಷ್ಟು ಹಾಡಿಗಳು ಹೊರಗೆ ಬಂದವು. ಅದೇ ಕಾಡಿನ ಮೂರ್ಕಲ್‌ನಲ್ಲಿ ಹೋಟೆಲು ನಡೆಸಲು ಗುತ್ತಿಗೆ ಕೊಟ್ಟಾಗ ಬುಡಕಟ್ಟು ಜನರ ಸಮಿತಿಯೇ ಹೈಕೋರ್ಟಿಗೆ ಹೋಗಿ, 1997ರಲ್ಲಿ ಅದನ್ನು ನಿಲ್ಲಿಸಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಜೇನು, ಮೇಣ ಎರಡನ್ನೂ ಹೆಸರಿಸಿ ಹಕ್ಕು ಕೊಟ್ಟಿದೆ. ಕಾಗದದ ಮೇಲಿನ ಆ ಹಕ್ಕು ಮರದವರೆಗೆ ನಡೆದು ಬರುವುದು ತಡವಾಗುತ್ತಿದೆ. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಕುಟುಂಬಗಳು ತಮ್ಮ ಹಿರಿಯರು ಬಿಟ್ಟುಬಂದ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ಮರಳಿ ಹೋಗಿ ಗುಡಿಸಲು ಕಟ್ಟಲು ನೋಡಿದ್ದು ಸುದ್ದಿಯಾಯಿತು. ಹುಲಿ ಬೇಕು, ಕಾಡು ಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ಮರಿಯಿರುವ ಎರಿಯನ್ನು ಕತ್ತಲಲ್ಲೂ ಬಿಟ್ಟು ಬರುವ ಕೈಗಳಿಂದ ಆ ಕಾಡಿಗೆ ಅಪಾಯ ಎಂದರೆ ಒಪ್ಪಲಾರೆ.

ಹತ್ತುವವರು ಇಳಿದಾಗ ನಡುರಾತ್ರಿ ದಾಟಿತ್ತು. ಕುತ್ತಿಗೆ, ತೋಳು ಊದಿಕೊಂಡಿದ್ದವು. ಅಜ್ಜ ಮುಳ್ಳುಗಳನ್ನು ಉಗುರಿನಿಂದ ಕೀಳುತ್ತಾ ಯಾವ ಗೂಟ ಅಲ್ಲಾಡಿತು, ಯಾವ ಕೊಂಬೆಯಲ್ಲಿ ತುಪ್ಪ ಎಳೆಯದು ಎಂದೆಲ್ಲ ವಿಚಾರಿಸಿದರು. ಲೈನ್‌ಮನೆಯ ಜಗಲಿಯಲ್ಲಿ ಎರಿ ಹಿಂಡಿ, ಬಟ್ಟೆಯಲ್ಲಿ ಸೋಸಿದರು. ಕಾಫಿ ಹೂವಿನ ತುಪ್ಪ, ತಿಳಿ ಬಣ್ಣ, ನಾಲಗೆಯ ಕೊನೆಯಲ್ಲಿ ಸಣ್ಣ ಒಗರು. ಆಮೇಲೆ ಪಾಲು. ಹತ್ತಿದವರಿಗೆ ಒಂದು, ಹಗ್ಗ ಹಿಡಿದವರಿಗೆ ಒಂದು, ಸೂಡಿ ಕಟ್ಟಿದ ಅಜ್ಜನಿಗೆ ಒಂದು, ಡಬ್ಬ ಕಟ್ಟಿದವರಿಗೆ, ಆನೆಗೆ ಕಿವಿಯಿಟ್ಟವರಿಗೆ ಒಂದೊಂದು, ಹುಡುಗನಿಗೂ ಒಂದು. ಎಲ್ಲವೂ ಒಂದೇ ಅಳತೆ. ತೋಟದ ಯಜಮಾನರಿಗೆ ಬೇರೆಯಾಗಿ ಎರಡು ಬಾಟಲಿ ತೆಗೆದಿಟ್ಟರು.

ಮುಂದಿನ ಅಮಾವಾಸ್ಯೆಗೆ ಇನ್ನೊಂದು ಮರ ಆಗಬೇಕು, ಮಳೆ ಹಿಡಿದರೆ ಹುಳು ಎದ್ದುಹೋಗುತ್ತದೆ. ಆ ಮರ ಇರುವುದು ಕಾಡಿನ ಗೆರೆಯ ಒಳಗೆ. ಗ್ರಾಮಸಭೆಯ ಠರಾವಿನ ನಕಲು ಯಾರ ಮನೆಯಲ್ಲಿದೆ, ಅರಣ್ಯ ಕಚೇರಿಗೆ ಯಾರು ಹೋಗಬೇಕು ಎಂದು ಮಾತು ಶುರುವಾಯಿತು. ಹುಡುಗ ಓದಿದವನು, ಅರ್ಜಿ ಅವನೇ ಬರೆಯಲಿ ಎಂದರು ಅಜ್ಜ. “ಬರೀತೀನಿ, ಮಾವ ಜೊತೆಗೆ ಬರಬೇಕು” ಎಂದ ಹುಡುಗ. ಸೋಮವಾರ ಎಂದು ಗೊತ್ತಾಯಿತು.